ಬೇಕಾಗಿದೆ: ಬಿಲ್ ಇರುವ ಕಸ

ಬಳ್ಳಾರಿಯಲ್ಲಿ ಕಸಕ್ಕೆ ಬರ ಬಂದಿದೆ ಎಂದರೆ ನೀವು ನಂಬಲಿಕ್ಕಿಲ್ಲ. ಯಾವುದಾದರೂ ಮೋರಿಯನ್ನು ಬಗ್ಗಿ ನೋಡಿದವರಂತೂ ನಂಬುವುದೇ ಇಲ್ಲ. ಆದರೆ ಮೊನ್ನೆ ಇಲ್ಲೊಂದು ‘ಕಸದಿಂದ ರಸ’ ಕಲಾ ಕಾರ್ಯಾಗಾರ ನಡೆಯಿತು. ಅದಕ್ಕೆ ಬೇಕಾದ ಕಸವನ್ನು ದುಡ್ಡು ಕೊಟ್ಟು ಅಂಗಡಿಯಿಂದ ತರಿಸಿದರು.

ನಗಬೇಡಿ, ಇದಕ್ಕೆ ಕಾರಣವಿದೆ. ಬೀದಿಯಲ್ಲಿ ಬಿದ್ದ ಕಸಕ್ಕೆ ಬಿಲ್ ಇರುವುದಿಲ್ಲ. ಬಿಲ್ ಇಲ್ಲದಿದ್ದರೆ ವೋಚರ್ ಆಗುವುದಿಲ್ಲ. ವೋಚರ್ ಇಲ್ಲದಿದ್ದರೆ ಆಡಿಟ್‌ನವರು ಬಿಡುವುದಿಲ್ಲ. ಸಾಮಗ್ರಿಗೆ ಅಂತ ಬಂದ ಹಣ ಖರ್ಚಾಗದೆ ಉಳಿದರೆ ಮುಂದಿನ ವರ್ಷ ಅಷ್ಟೂ ಬರುವುದಿಲ್ಲ. ಆದ್ದರಿಂದ ಮೂರು ಕೊಟೇಶನ್ ಕರೆದು, ಕಡಿಮೆ ದರ ಹಾಕಿದವರಿಂದ ಕಸ ಖರೀದಿಯಾಯಿತು. ಒಳ್ಳೆಯ ಕಸ. ವಾಸನೆ ಇಲ್ಲ, ನೊಣ ಇಲ್ಲ, ಒಂದೇ ಅಳತೆ.

ಮೊದಲು ಬಂದದ್ದು ನೀರಿನ ಬಾಟಲಿ. ಖಾಲಿ ಬಾಟಲಿ ಅಂಗಡಿಯಲ್ಲಿ ಸಿಗುವುದಿಲ್ಲ ನೋಡಿ, ಅದಕ್ಕೆ ತುಂಬಿದ್ದನ್ನೇ ತಂದರು. ಸೀಲ್ ಒಡೆದು ಸಭಾಂಗಣದ ಹಿಂದಿನ ಬೇವಿನ ಮರದ ಬುಡಕ್ಕೆ ನೀರು ಸುರಿದರು. ನಳದಲ್ಲಿ ನೀರು ಬರುವ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳುವ ಊರು ನಮ್ಮದು. ಆವತ್ತು ಆ ಬೇವಿನ ಮರ ಮಾತ್ರ ಮಿನರಲ್ ವಾಟರ್ ಕುಡಿಯಿತು.

ಆಮೇಲೆ ಜೀನ್ಸ್. ಬಳ್ಳಾರಿ ಜೀನ್ಸ್ ಅಂದರೆ ದೇಶದ ಎಷ್ಟೋ ಊರುಗಳ ಬಜಾರಿಗೆ ಗೊತ್ತು. ಇಲ್ಲಿನ ಯಾವ ಯೂನಿಟ್‌ಗೆ ಹೋದರೂ ಕಟಿಂಗ್ ಟೇಬಲ್ ಕೆಳಗೆ ನೀಲಿ ಚಿಂದಿ ಮೊಣಕಾಲುದ್ದ ಬಿದ್ದಿರುತ್ತದೆ. ಕೇಳಿದರೆ ಒಂದು ಗೋಣಿಚೀಲ ತುಂಬಿಸಿ, ಕೈಗೆ ಒಂದು ಕಪ್ ಚಹಾನೂ ಕೊಟ್ಟು ಕಳಿಸುತ್ತಾರೆ. ಆದರೆ ಜಿಎಸ್‌ಟಿ ಬಿಲ್ ಕೊಡುತ್ತಾರಾ? ಇಲ್ಲ. ಹಾಗಾಗಿ ಶೋರೂಮಿನಿಂದ ಹೊಸ ಪ್ಯಾಂಟುಗಳು ಬಂದವು. ಕಾಲೇಜು ಹುಡುಗಿಯರು ಅದರ ಜೇಬು ಕತ್ತರಿಸಿ ಪೆನ್ ಸ್ಟ್ಯಾಂಡ್ ಮಾಡಿದರು. ಜೇಬು ಹೋದ ಪ್ಯಾಂಟುಗಳು ಮೂಲೆಯಲ್ಲಿ ರಾಶಿ ಬಿದ್ದವು. ಅಷ್ಟರಮಟ್ಟಿಗೆ ಕಾರ್ಯಾಗಾರ ಕಸದ ವಿಷಯದಲ್ಲಿ ಸ್ವಾವಲಂಬಿ ಆಯಿತು ಅನ್ನಬಹುದು.

ವೇದಿಕೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಪ್ಲಾಸ್ಟಿಕ್ ಮುಕ್ತ ನಗರ’ ಎಂಬ ಅಕ್ಷರಗಳನ್ನು ಥರ್ಮಾಕೋಲಿನಲ್ಲಿ ಕೊರೆದು ಅಂಟಿಸಿದ್ದರು. ಹಿಂದೆ ಫ್ಲೆಕ್ಸ್. ರಾಜ್ಯ ಸರ್ಕಾರ 2016ರಲ್ಲೇ ಫ್ಲೆಕ್ಸ್ ನಿಷೇಧಿಸಿದೆ. 2022ರ ಜುಲೈ 1ರಿಂದ ದೇಶದಾದ್ಯಂತ ಜಾರಿಗೆ ಬಂದ ನಿಷೇಧದ ಪಟ್ಟಿಯಲ್ಲಿ ಅಲಂಕಾರದ ಥರ್ಮಾಕೋಲ್ ಕೂಡ ಇದೆ. ಇದನ್ನೆಲ್ಲ ಉದ್ಘಾಟಕರೇ ಭಾಷಣದಲ್ಲಿ ವಿವರವಾಗಿ ಹೇಳಿದರು. ಹಿಂತಿರುಗಿ ನೋಡಲಿಲ್ಲ, ಅಷ್ಟೇ.

ಬೆಂಗಳೂರಿನಿಂದ ಬಂದ ಸಂಪನ್ಮೂಲ ವ್ಯಕ್ತಿ ಅಪ್‌ಸೈಕ್ಲಿಂಗ್ ಎಂದರೇನು ಅಂತ ಸ್ಲೈಡ್ ಹಾಕಿ ತೋರಿಸಿದರು. ಚಿಂದಿ ಬಟ್ಟೆಯನ್ನೂ ಜೋಡಿಸಿ ಹೊದಿಕೆ ಮಾಡಬಹುದಂತೆ. ಮಹಿಳೆಯರ ಸಾಲಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ಕೈಚೀಲದಿಂದ ಎರಡು ಹಳೇ ಸೀರೆ ತೆಗೆದರು. “ಕೌದಿ ಹೊಲಿಯಾಕ ತಂದೀನ್ರಿ ಸರ, ತಗೊಳ್ರಿ.” ಅವರ ತೋರುಬೆರಳ ತುದಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾಗಿತ್ತು. ಸಂಪನ್ಮೂಲ ವ್ಯಕ್ತಿ ಸೀರೆ ಮುಟ್ಟಿ ನೋಡಿ ವಿನಯದಿಂದಲೇ ಹೇಳಿದರು: “ಇದು ಬಳಸಿದ್ದು ಅಮ್ಮಾ. ಅಲ್ಲಿ ಹೊಸ ಬಟ್ಟೆ ಇಟ್ಟಿದ್ದೀವಿ, ಅದನ್ನ ತಗೊಳ್ಳಿ.” ಅಜ್ಜಿ ಸೀರೆ ಮಡಚಿ ಒಳಗಿಟ್ಟುಕೊಂಡರು. ಸಂಜೆ ಅವರಿಗೂ ಲ್ಯಾಮಿನೇಟ್ ಮಾಡಿದ ಪ್ರಮಾಣಪತ್ರ ಸಿಕ್ಕಿತು, ಹೊಲಿಗೆ ಕಲಿತದ್ದಕ್ಕೆ.

ಬೆಂಗಳೂರಿನ ತನಕ ಹೋಗಿ ತಜ್ಞರನ್ನು ಕರೆತರುವ ಬದಲು ಪಕ್ಕದ ಕೊಪ್ಪಳಕ್ಕೆ ಹೋಗಿದ್ದರೆ ಮರದ ಗೊಂಬೆಗಳ ಊರು ಕಿನ್ನಾಳ ಸಿಗುತ್ತಿತ್ತು. ಅಲ್ಲಿನ ಚಿತ್ರಗಾರರು ಹಳೇ ಗೋಣಿತಟ್ಟನ್ನು ನೆನೆಸಿ, ಚೂರು ಮಾಡಿ, ಒಣಗಿಸಿ ಕುಟ್ಟುತ್ತಾರೆ. ಅದಕ್ಕೆ ಮರದ ಹೊಟ್ಟು ಸೇರಿಸಿ ಹುಣಸೆಬೀಜದ ಅಂಟಿನಲ್ಲಿ ಕಲಸುತ್ತಾರೆ. ಹಗುರ ಮರದ ಗೊಂಬೆಗೆ ಅದನ್ನೇ ಮೈತುಂಬ ಮೆತ್ತಿ, ಮೇಲೆ ಬಣ್ಣ ಕೊಡುತ್ತಾರೆ. ಗೋಣಿ, ಹೊಟ್ಟು, ಹುಣಸೆಬೀಜ, ಮೂರೂ ನಾವು ಎಸೆಯುವ ಸಾಮಾನೇ. ಆ ಗೊಂಬೆಗೆ, ಇದು ಈ ಊರಿನದೇ ಎನ್ನುವ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆಯೂ ಇದೆ. ಆದರೆ ಚಿತ್ರಗಾರರ ಹತ್ತಿರ ಸ್ಲೈಡ್ ಇಲ್ಲವಲ್ಲ, ಏನು ಮಾಡೋಣ.

ದಿನದ ಕೊನೆಗೆ ಎಲ್ಲರೂ ಸೇರಿ ಬಾಟಲಿಗಳಿಂದ ಒಂದು ನವಿಲು ಮಾಡಿದರು. ಗಮ್ ಗನ್ನಿನಿಂದ ಅಂಟಿಸಿ, ಎನಾಮೆಲ್ ಬಣ್ಣ ಬಳಿದು, ಮೇಲೆ ಮಿಂಚಿನ ಪುಡಿ ಉದುರಿಸಿದರು. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಪಕ್ಕದಲ್ಲಿ ನಿಂತು ಎಲ್ಲರೂ ಸೆಲ್ಫಿ ತೆಗೆದುಕೊಂಡರು. ವಾರ ಕಳೆಯುವಷ್ಟರಲ್ಲಿ ಬಿಸಿಲಿಗೆ ಗಮ್ ಮೆತ್ತಗಾಗಿ ಗರಿ ಒಂದೊಂದೇ ಉದುರತೊಡಗಿತು. ಬಳ್ಳಾರಿ ಬಿಸಿಲು, ಗೊತ್ತಲ್ಲ.

ಆಫೀಸಿನ ಜವಾನ ಅದನ್ನು ಗುಜರಿ ಅಂಗಡಿಯವನಿಗೆ ತೋರಿಸಿದ. ಅವನು ಸುತ್ತ ಒಂದು ರೌಂಡ್ ಹಾಕಿ, ಒಂದು ಗರಿ ಕಿತ್ತು, ತಳದಲ್ಲಿ ಪೆಟ್ ಪ್ಲಾಸ್ಟಿಕ್ ಅಂತ ಸೂಚಿಸುವ, ತ್ರಿಕೋನದೊಳಗಿನ 1 ನಂಬರ್ ನೋಡಿದ. “ಬಾಟ್ಲಿ ಇದ್ದಂಗ ತಂದಿದ್ರ ಕೆಜಿ ಲೆಕ್ಕದಾಗ ತಗೋತಿದ್ದೆ ಅಣ್ಣಾ. ಪುಡಿ ಮಾಡಿ ನೂಲು ತೆಗಿತಾರ ಅದರಾಗ. ಇದಕ್ಕ ಬಣ್ಣ ಬಳದೀರಿ, ಗಮ್ ಹಚ್ಚೀರಿ. ಯಾರೂ ತಗೊಳ್ಳಂಗಿಲ್ಲ. ಒಗಿಯಾಕ ಆಟೋ ಬಾಡಿಗಿ ನೀವ ಕೊಡ್ರಿ.”

ಎಸೆಯುವುದಕ್ಕೂ ಆಗುವುದಿಲ್ಲ. ನವಿಲು ಸ್ಟಾಕ್ ರಿಜಿಸ್ಟರಿನಲ್ಲಿ ಹತ್ತಿದೆ. ತೆಗೆಯಬೇಕೆಂದರೆ ನಿರುಪಯುಕ್ತ ಅಂತ ಸಮಿತಿ ಬರೆದುಕೊಡಬೇಕು, ಆಮೇಲೆ ಹರಾಜು ಆಗಬೇಕು. ಸಮಿತಿ ಸಭೆ ಸೇರುವ ತನಕ ಅದು ಮೆಟ್ಟಿಲ ಕೆಳಗೆ, ಜೇಬಿಲ್ಲದ ಪ್ಯಾಂಟುಗಳ ಮೇಲೆ ಕೂತಿರುತ್ತದೆ.

ಮುಂದಿನ ವರ್ಷ ಆನೆ ಮಾಡುತ್ತಾರಂತೆ. ಆನೆಗೆ ಬಾಟಲಿ ಜಾಸ್ತಿ ಬೇಕು, ಅಲ್ವಾ? ಪ್ರಸ್ತಾವನೆ ಆಗಲೇ ಮೇಲಕ್ಕೆ ಹೋಗಿದೆ.