ಹಾಡಿಗೆ ಮಾತ್ರ ಕಾಲಮಿತಿ

ನಾಡಗೀತೆಯನ್ನು ಎಷ್ಟು ಹೊತ್ತು ಹಾಡಬೇಕು ಅಂತ ಸರ್ಕಾರ ವರ್ಷಗಟ್ಟಲೆ ತಲೆ ಕೆಡಿಸಿಕೊಂಡು, ಕೊನೆಗೆ 2022ರಲ್ಲಿ ಆದೇಶ ಹೊರಡಿಸಿತು. ಮೈಸೂರು ಅನಂತಸ್ವಾಮಿ ಅವರ ಧಾಟಿ. ಆಲಾಪ ಬೇಡ. 2 ನಿಮಿಷ 30 ಸೆಕೆಂಡಿನಲ್ಲಿ ಮುಗಿಯಬೇಕು. ಸರಿ, ಕುವೆಂಪು ಅವರಿಗೇ ಎರಡೂವರೆ ನಿಮಿಷ. ಅವರಾದ ಮೇಲೆ ಮೈಕ್ ಹಿಡಿಯುವ ಮುಖಂಡರಿಗೆ ಎಷ್ಟು ಅಂತ ಮಾತ್ರ ಯಾವ ಆದೇಶದಲ್ಲೂ ಬರೆದಿಲ್ಲ.

ನಮ್ಮಲ್ಲಿ ರಾಜ್ಯೋತ್ಸವ ನವೆಂಬರ್ 1ಕ್ಕೆ ಶುರುವಾಗಿ, ಶಾಮಿಯಾನ ಬಾಡಿಗೆಗೆ ಸಿಕ್ಕುವ ತನಕ ನಡೆಯುತ್ತದೆ. ಜನವರಿಯಲ್ಲೂ ಆಗಬಹುದು. ಫ್ಲೆಕ್ಸಿನಲ್ಲಿ 'ಸಂಜೆ 6ಕ್ಕೆ ಭರ್ಜರಿ ರಸಮಂಜರಿ' ಅಂತ ಇರುತ್ತದೆ. ಹಾಡುವವರ ಫೋಟೊ ಎಲ್ಲಿದೆ ಅಂತ ಹುಡುಕಬೇಕು. ಶುಭ ಕೋರುವವರು ತಾವಾಗಿಯೇ ಕಾಣುತ್ತಾರೆ.

ಆರಕ್ಕೆ ಹೋದರೆ ಕುರ್ಚಿ ಹಾಕುವವರು ಸಿಕ್ಕುತ್ತಾರೆ. ಗಣ್ಯರು ಬರುವುದು ಏಳೂವರೆಗೆ. ದೀಪ, ಸ್ವಾಗತ, ಪ್ರಾಸ್ತಾವಿಕ ನುಡಿ. ಆಮೇಲೆ ಸನ್ಮಾನ: ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ. ಫೋಟೊಗ್ರಾಫರ್ "ಸಾರ್, ಇನ್ನೊಂದ್ಸಲ" ಅಂದರೆ ಹಾಕಿದ ಹಾರ ತೆಗೆದು ಮತ್ತೆ ಹಾಕಬೇಕು.

ಭಾಷಣಕಾರರು ಎಷ್ಟೇ ಜನ ಇರಲಿ, ಭಾಷಣ ಒಂದೇ. 1956ರ ಏಕೀಕರಣ, 1973ರ ನಾಮಕರಣ, ಆಲೂರು ವೆಂಕಟರಾಯರು. ಆಮೇಲೆ ಎಂಟು ಜ್ಞಾನಪೀಠ. ಬೆರಳು ಮಡಚುತ್ತಾ ಎಣಿಸುತ್ತಾರೆ. ಏಳಕ್ಕೆ ನಿಲ್ಲುತ್ತದೆ. ವೇದಿಕೆಯೆಲ್ಲ ಪಿಸುಗುಟ್ಟುತ್ತದೆ. ಪ್ರತಿ ಸಲವೂ ಬಿಟ್ಟುಹೋಗುವವರು ಗೋಕಾಕರೇ ಯಾಕೋ! ಹಿಂದೆ ರಿದಂ ಪ್ಯಾಡಿನ ಹುಡುಗ ಮೊಬೈಲ್ ನೋಡುತ್ತಾ ಕೂತಿರುತ್ತಾನೆ. ಗೋಕಾಕರ ಹೆಸರು ಅವನಿಗೆ ಗೊತ್ತು. ಪಾಪ, ಅವನನ್ನು ಯಾರೂ ಕೇಳುವುದಿಲ್ಲ.

ಈ ನಡುವೆ ಜನ ಚೀಟಿ ಕಳಿಸುತ್ತಿರುತ್ತಾರೆ. ಒಬ್ಬರಿಗೆ ರಾಜ್‌ಕುಮಾರ್ ಹಾಡು, ಇನ್ನೊಬ್ಬರಿಗೆ ಶರೀಫರ ತತ್ವಪದ, ಅಜ್ಜಿಯೊಬ್ಬರಿಗೆ ದಾಸರ ಪದ. ಕಾಲೇಜು ಹುಡುಗರಿಗೆ ರ‍್ಯಾಪ್. ಪಕ್ಕದ ಕುರ್ಚಿಯ ಹಿರಿಯರು ಕುಂದಗೋಳದ ಕಡೆಯವರಾದರೆ ಮುಗಿಯಿತು. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಪುಣ್ಯತಿಥಿಯ ಸಂಗೀತೋತ್ಸವ, ಅದು ನಡೆಯುವ ನಾಡಿಗೇರ ವಾಡೆ, ಅಲ್ಲಿ ಹಾಡಿದ ಗಂಗೂಬಾಯಿ, ಭೀಮಸೇನ ಜೋಶಿ ಅಂತ ಶುರು ಮಾಡುತ್ತಾರೆ. "ರಾತ್ರಿಯೆಲ್ಲ ಕೂತು ಕೇಳತಿದ್ವಿ ನೋಡ್ರಿ" ಅನ್ನುತ್ತಾರೆ. ಕೇಳುವುದಕ್ಕೇ ಹೊಟ್ಟೆಕಿಚ್ಚು. ಆದರೂ ವೇದಿಕೆಯ ಮೇಲಿನದಕ್ಕಿಂತ ಅವರ ಮಾತೇ ಎಷ್ಟೋ ವಾಸಿ.

ಅಧ್ಯಕ್ಷರ ಭಾಷಣ ಮುಗಿಯುವಾಗ 9.40. ಹತ್ತಕ್ಕೆ ಮೈಕ್ ಬಂದ್. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಹಾಗೇ ಇದೆ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಇಲ್ಲ. ಒಳ್ಳೆಯ ನಿಯಮವೇ, ನಿದ್ದೆ ಎಲ್ಲರಿಗೂ ಬೇಕು. ನಿಯಮದಲ್ಲಿ ಭಾಷಣ, ಹಾಡು ಅಂತ ಭೇದ ಇಲ್ಲ. ಆದರೆ ಹತ್ತು ಗಂಟೆಗೆ ಉಳಿದಿರುವುದು ಹಾಡು ಮಾತ್ರ, ಅಲ್ವಾ? ಬೆಳಗಿನವರೆಗೆ ಕುಣಿಯುತ್ತಿದ್ದ ಯಕ್ಷಗಾನದ ಮೇಳಗಳೇ ಎಷ್ಟೋ ಕಡೆ ಕಾಲಮಿತಿಗೆ ಬಂದಿವೆ. ಭಾಷಣದ ಮೇಳ ಇನ್ನೂ ಬಂದಿಲ್ಲ.

ಹಾಗಾಗಿ ಗಾಯಕರು ಜಾಣತನ ಮಾಡುತ್ತಾರೆ. ಎಲ್ಲ ಚೀಟಿಗೂ ಒಂದೊಂದು ಪಲ್ಲವಿ. ರಾಜ್‌ಕುಮಾರ್ ಹಾಡಿನ ಬಾಲಕ್ಕೆ ಶರೀಫರು, ಶರೀಫರ ಬಾಲಕ್ಕೆ ಪುರಂದರದಾಸರು, ಎಲ್ಲಕ್ಕೂ ಒಂದೇ ಟಪಾಂಗುಚ್ಚಿ ಏಟು. ಅಜ್ಜಿ ಕೈಮುಗಿಯುವಷ್ಟರಲ್ಲಿ ಹುಡುಗರು ಶಿಳ್ಳೆ ಹೊಡೆಯುತ್ತಾರೆ. ರ‍್ಯಾಪಿನ ಸರದಿ ಬರುವ ಹೊತ್ತಿಗೆ ಗೇಟಿನ ಹತ್ತಿರ ಪೊಲೀಸ್ ಜೀಪು.

ಮೈಕ್ ಹೋದರೂ ವಂದನಾರ್ಪಣೆ ಬಿಡುವಂತಿಲ್ಲ. ಕಾರ್ಯದರ್ಶಿ ಬರೀ ಗಂಟಲಲ್ಲೇ ಕೂಗಿ ಎಲ್ಲರಿಗೂ ವಂದಿಸುತ್ತಾರೆ, ನಿಲ್ಲಿಸಲು ಬಂದ ಪೊಲೀಸರಿಗೂ. ಕಲಾವಿದರಿಗೆ ಸಮಯ ಸಾಲಲಿಲ್ಲ, ಆದ್ದರಿಂದ ಮುಂದಿನ ವರ್ಷ ಕಾರ್ಯಕ್ರಮ ಎರಡು ದಿನ ಅಂತ ಘೋಷಣೆ. ಚಪ್ಪಾಳೆ. ಮೊದಲ ದಿನ ಉದ್ಘಾಟನಾ ಸಮಾರಂಭವಂತೆ, ಎರಡನೇ ದಿನ ಸಮಾರೋಪ.