ಮೊದಲು ಕೇಳಿ, ಆಮೇಲೆ ಕಳಿಸಿ

ನನ್ನ ಫೋನಿನಲ್ಲಿ ಎರಡು ಸಿಮ್ ಇವೆ. ಒಂದು ಕೆನಡಾದ್ದು, ಇನ್ನೊಂದು ಭಾರತದ್ದು. ಭಾರತದ ಸಿಮ್ಮನ್ನು ಬ್ಯಾಂಕಿನ ಓಟಿಪಿಗೋಸ್ಕರ ಉಳಿಸಿಕೊಂಡಿದ್ದೇನೆ. ಹೊರದೇಶದಲ್ಲಿರುವ ಬಹಳ ಜನರ ಕಥೆ ಇದೇ, ಅಲ್ವಾ? ಓಟಿಪಿ ಬರುವುದು ಯಾವಾಗಲೋ ಒಮ್ಮೆ. ಉಳಿದಂತೆ ಬರುವುದೆಲ್ಲ ಸಾಲ ಬೇಕಾ, ಸೈಟ್ ಬೇಕಾ, ಕ್ರೆಡಿಟ್ ಕಾರ್ಡ್ ಬೇಕಾ. ಕೆನಡಾದ ನಂಬರಿಗೆ ಕಂಪನಿಗಳ ಜಾಹೀರಾತು ಕಮ್ಮಿ. ಅದಕ್ಕೆ ಬರುವ ಬೇಡದ ಮೆಸೇಜುಗಳಲ್ಲಿ ಹೆಚ್ಚಿನವು ಶುದ್ಧ ಮೋಸದವು. ನಿಮ್ಮ ಪಾರ್ಸೆಲ್ ತಡೆದಿದ್ದೇವೆ, ಈ ಲಿಂಕ್ ಒತ್ತಿ ಅನ್ನುವಂಥವು.

ಇಷ್ಟನ್ನು ನೋಡಿ ‘ಅಲ್ಲಿ ಕಾನೂನು ಬಿಗಿ, ನಮ್ಮಲ್ಲಿ ಸಡಿಲ’ ಎಂದುಬಿಡುವುದು ಸುಲಭ. ನಾನು ಹಾಗೆ ಹೇಳಲಾರೆ. ಎಸ್‌ಎಂಎಸ್ ಮಟ್ಟಿಗೆ ಭಾರತದಲ್ಲಿರುವಷ್ಟು ವಿವರವಾದ ನಿಯಮ ಕೆನಡಾದಲ್ಲಿಲ್ಲ, ಅಮೆರಿಕದಲ್ಲೂ ಇಲ್ಲ. ವ್ಯತ್ಯಾಸ ಇರುವುದು ಬೇರೆ ಕಡೆ. ತಕರಾರು ಬಂದಾಗ ದಾಖಲೆ ತೋರಿಸಬೇಕಾದವರು ಯಾರು? ಕಳಿಸಿದವರಾ, ಪಡೆದವರಾ? ನನಗೆ ಮುಖ್ಯ ಅನಿಸುವುದು ಇದೊಂದೇ.

ಸ್ಪ್ಯಾಮ್, ಅಂದರೆ ಕೇಳದೆ ಬರುವ ಜಾಹೀರಾತು ಸಂದೇಶ, ತಡೆಯುವ ಕೆನಡಾದ ಕಾನೂನನ್ನು ಇಲ್ಲಿ ಎಲ್ಲರೂ ಕ್ಯಾಸಲ್ ಎನ್ನುತ್ತಾರೆ. 2010ರ ಡಿಸೆಂಬರಿನಲ್ಲಿ ಪಾಸಾಯಿತು. ಜಾರಿಗೆ ಬಂದದ್ದು 2014ರ ಜುಲೈ 1ಕ್ಕೆ. ಇಮೇಲ್ ಇರಲಿ, ಎಸ್‌ಎಂಎಸ್ ಇರಲಿ, ವ್ಯಾಪಾರದ ಸಂದೇಶ ಕಳಿಸುವ ಮೊದಲೇ ಒಪ್ಪಿಗೆ ಇರಬೇಕು. ಕಳಿಸುವವರು ಯಾರು, ಅವರನ್ನು ಹಿಡಿಯುವುದು ಎಲ್ಲಿ ಎಂಬುದು ಸಂದೇಶದಲ್ಲೇ ಇರಬೇಕು. ಬೇಡ ಎಂದರೆ 10 ಕೆಲಸದ ದಿನಗಳೊಳಗೆ ನಿಲ್ಲಿಸಬೇಕು. ತಪ್ಪಿದರೆ ಕಂಪನಿಗೆ ಒಂದು ಉಲ್ಲಂಘನೆಗೆ 1 ಕೋಟಿ ಡಾಲರ್‌ವರೆಗೆ, ವ್ಯಕ್ತಿಗೆ 10 ಲಕ್ಷ ಡಾಲರ್‌ವರೆಗೆ ದಂಡ ಹಾಕಬಹುದು.

ದಂಡದ ಮೊತ್ತ ನೋಡಿ ಬೆರಗಾಗುವುದು ಬೇಡ. ನಿಜವಾದ ಬಿಗಿ ಇರುವುದು ಸಣ್ಣ ಸಣ್ಣ ಷರತ್ತುಗಳಲ್ಲಿ. ಫಾರಂನಲ್ಲಿ ಮೊದಲೇ ಟಿಕ್ ಹಾಕಿಟ್ಟ ಚೌಕ ಒಪ್ಪಿಗೆ ಆಗುವುದಿಲ್ಲ, ಟಿಕ್ಕನ್ನು ಗ್ರಾಹಕರೇ ಹಾಕಬೇಕು. ‘ನಿಮಗೆ ಜಾಹೀರಾತು ಕಳಿಸಬಹುದಾ?’ ಎಂದು ಕೇಳುವ ಇಮೇಲ್ ಕೂಡ ವ್ಯಾಪಾರದ ಸಂದೇಶವೇ, ಅದನ್ನೂ ಸುಮ್ನೆ ಕಳಿಸುವ ಹಾಗಿಲ್ಲ. ಏನಾದರೂ ಕೊಂಡವರಿಗೆ 2 ವರ್ಷ, ಬರೀ ವಿಚಾರಿಸಿದವರಿಗೆ 6 ತಿಂಗಳು ಕಳಿಸಬಹುದು, ಆಮೇಲೆ ಅವಧಿ ಮುಗಿಯಿತು. ಎಲ್ಲಕ್ಕಿಂತ ಮುಖ್ಯವಾದದ್ದು, ಒಪ್ಪಿಗೆ ಇತ್ತು ಎಂದು ಸಾಬೀತು ಮಾಡುವ ಹೊಣೆ ಪೂರ್ತಿ ಕಳಿಸಿದವರದ್ದು.

ಈ ಹೊಣೆ ಏನು ಮಾಡುತ್ತದೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದು ಇಲ್ಲಿನ ಒಂದು ಕನ್ನಡ ಸಂಘದಲ್ಲಿ. ಕಾನೂನು ಜಾರಿಯಾಗುವ ಹೊತ್ತಿಗೆ ಸಂಘದ ಮೇಲಿಂಗ್ ಲಿಸ್ಟ್ ಒಂದು ಎಕ್ಸೆಲ್ ಶೀಟಿನಲ್ಲಿತ್ತು. ಹೆಸರು, ಇಮೇಲ್, ಊರು, ಅಷ್ಟೇ. ಸಂಘ ಲಾಭಕ್ಕಾಗಿ ನಡೆಯುವುದಲ್ಲ ನಿಜ, ಆದರೆ ಕಾರ್ಯಕ್ರಮದ ಟಿಕೆಟ್ ಮಾರುವ ಮೇಲ್, ಪ್ರಾಯೋಜಕರ ಜಾಹೀರಾತು ತುಂಬಿದ ಮೇಲ್ ವ್ಯಾಪಾರದ್ದಲ್ಲ ಎನ್ನಲು ಯಾರಿಗೂ ಧೈರ್ಯ ಬರಲಿಲ್ಲ. ಕಾರ್ಯದರ್ಶಿ ಶೀಟಿಗೆ ಇನ್ನೊಂದು ಕಾಲಂ ಸೇರಿಸಿದರು: ‘ಒಪ್ಪಿಗೆ ಯಾವಾಗ, ಹೇಗೆ?’ ಅದನ್ನು ತುಂಬುತ್ತಾ ಹೋದಂತೆ ಲಿಸ್ಟಿನ ಬಣ್ಣ ಬಯಲಾಯಿತು. ಕೆಲವರ ಮುಂದೆ ‘ಸದಸ್ಯತ್ವದ ಫಾರಂ’ ಎಂದು ಬಂತು. ಕೆಲವರ ಮುಂದೆ ‘ಫೋನಿನಲ್ಲಿ ಹೇಳಿದರು’. ಬಹಳ ಜನರ ಮುಂದೆ ಬಂದದ್ದು ‘ಯಾರೋ ಕೊಟ್ಟರು’. ಹಿರಿಯ ಸದಸ್ಯರೊಬ್ಬರಿಗೆ ಸಿಟ್ಟೇ ಬಂತು. “ಏನ್ರೀ ಇದು, ನಮ್ಮ ಜನಕ್ಕೆ ನಾವು ಮೇಲ್ ಹಾಕೋಕೂ ಪರ್ಮಿಷನ್ನಾ?” ಎಂದರು. ಕಾರ್ಯದರ್ಶಿ ಸಮಾಧಾನವಾಗಿಯೇ ಹೇಳಿದರು: “ಸರ್, ಸದಸ್ಯರಿಗೆ ಹಾಕಬಹುದು, ಸದಸ್ಯತ್ವ ಮುಗಿದ ಮೇಲೂ ಎರಡು ವರ್ಷ ಅವಕಾಶ ಇದೆ. ಈ ‘ಯಾರೋ ಕೊಟ್ಟರು’ ಅನ್ನೋರು ನಮ್ಮ ಜನ ಅಂತ ನಮಗೆ ಹೇಗೆ ಗೊತ್ತು?” ಆ ಸಾಲುಗಳೆಲ್ಲ ಡಿಲೀಟ್ ಆದವು. ಲಿಸ್ಟ್ ಸೊರಗಿತು. ಸಂಘಕ್ಕೇನೂ ಆಗಲಿಲ್ಲ.

ಯಾವ ಅಧಿಕಾರಿಯೂ ಬಂದು ಆ ಶೀಟ್ ಕೇಳಿರಲಿಲ್ಲ. ಕೇಳಿದರೆ ತೋರಿಸಬೇಕಲ್ಲ ಎಂಬ ಅಂಜಿಕೆಯೇ ಸಾಕಾಯಿತು.

ಹಾಗೆಂದು ಕ್ಯಾಸಲನ್ನು ತಲೆ ಮೇಲೆ ಹೊತ್ತು ಕುಣಿಯಬೇಕಿಲ್ಲ. ಅದರ ಭಾಷೆ ಎಷ್ಟು ಜಟಿಲ ಎಂದರೆ ಸಣ್ಣ ಅಂಗಡಿಯವರು ವಕೀಲರಿಲ್ಲದೆ ಓದಲಾರರು. ಮೊದಲ ದೊಡ್ಡ ದಂಡ ಬಿದ್ದದ್ದು 2015ರಲ್ಲಿ, ತರಬೇತಿ ಕೋರ್ಸ್ ಮಾರುತ್ತಿದ್ದ ಕ್ವಿಬೆಕ್‌ನ ಕಂಪ್ಯು-ಫೈಂಡರ್ ಎಂಬ ಕಂಪನಿಗೆ, 11 ಲಕ್ಷ ಡಾಲರ್. 2017ರಲ್ಲಿ ಅದು 2 ಲಕ್ಷಕ್ಕೆ ಇಳಿಯಿತು. ಕಂಪನಿ ಇಡೀ ಕಾನೂನೇ ಸಂವಿಧಾನಕ್ಕೆ ವಿರುದ್ಧ ಎಂದು ಮೇಲಿನ ಕೋರ್ಟಿಗೆ ಹೋಗಿ 2020ರಲ್ಲಿ ಸೋತಿತು. ಇನ್ನು, ಸ್ಪ್ಯಾಮ್ ಪಡೆದವರೇ ನೇರವಾಗಿ ಕೋರ್ಟಿಗೆ ಹೋಗುವ ಹಕ್ಕು 2017ರ ಜುಲೈನಲ್ಲಿ ಶುರುವಾಗಬೇಕಿತ್ತು. ಇನ್ನೇನು ಕೆಲವೇ ವಾರ ಇದೆ ಎನ್ನುವಾಗ ಸರ್ಕಾರ ವ್ಯಾಪಾರಸ್ಥರ ಆತಂಕ ಕೇಳಿ ಅದನ್ನು ತಡೆಹಿಡಿಯಿತು. ರಾಜಕೀಯ ಪಕ್ಷಗಳು ದೇಣಿಗೆ ಕೇಳುವ ಮೇಲ್‌ಗಳಿಗಂತೂ ಕಾನೂನಿನಲ್ಲೇ ವಿನಾಯಿತಿ. ಕಾನೂನು ಬರೆಯುವವರು ತಮಗೊಂದು ಕಿಂಡಿ ಬಿಟ್ಟುಕೊಳ್ಳುವುದು ಎಲ್ಲ ದೇಶದಲ್ಲೂ ನಡೆಯುತ್ತೆ ಬಿಡಿ.

ಕೆನಡಾಕ್ಕೆ ಬರುವ ಮೊದಲು ಕೆಲವು ವರ್ಷ ಅಮೆರಿಕದಲ್ಲಿದ್ದೆ. ಅಲ್ಲಿಯದು ಉಲ್ಟಾ ಲೆಕ್ಕ. ಕ್ಯಾನ್-ಸ್ಪ್ಯಾಮ್ ಎಂಬ ಕಾನೂನಿಗೆ 2003ರ ಡಿಸೆಂಬರಿನಲ್ಲಿ ಜಾರ್ಜ್ ಬುಷ್ ಸಹಿ ಹಾಕಿದರು. ಅದರ ಪ್ರಕಾರ ಯಾರು ಯಾರಿಗೆ ಬೇಕಾದರೂ ವ್ಯಾಪಾರದ ಇಮೇಲ್ ಕಳಿಸಬಹುದು, ಮುಂಚೆ ಕೇಳಬೇಕಿಲ್ಲ. ಸುಳ್ಳು ತಲೆಬರಹ ಇರಬಾರದು, ಅಂಚೆ ವಿಳಾಸ ಇರಬೇಕು, ನಿಲ್ಲಿಸಿ ಎಂದರೆ 10 ಕೆಲಸದ ದಿನದಲ್ಲಿ ನಿಲ್ಲಿಸಬೇಕು. ಬಾಗಿಲು ತಟ್ಟದೆ ಒಳಗೆ ಬಂದು ಕೂತು, ‘ಹೋಗು ಅಂದರೆ ಹೋಗ್ತೀನಿ’ ಎಂದ ಹಾಗೆ. ಕ್ಯಾಲಿಫೋರ್ನಿಯಾ ರಾಜ್ಯ ಅದೇ ವರ್ಷ, ಮೊದಲು ಕೇಳಲೇಬೇಕು ಎಂಬ ಬಿಗಿಯಾದ ಕಾನೂನು ಮಾಡಿತ್ತು. ಅದು 2004ರ ಜನವರಿ 1ಕ್ಕೆ ಜಾರಿಯಾಗಬೇಕಿತ್ತು. ಅದೇ ದಿನ ಜಾರಿಗೆ ಬಂದ ಕೇಂದ್ರದ ಕಾನೂನು ಅದನ್ನು ಹುಟ್ಟುವ ಮೊದಲೇ ಮುಗಿಸಿತು.

ಆದರೆ ಎಸ್‌ಎಂಎಸ್ ವಿಷಯಕ್ಕೆ ಬಂದರೆ ಅದೇ ಅಮೆರಿಕ ಬೇರೆಯೇ ದೇಶ. ಅಲ್ಲಿ 1991ರ ಟೆಲಿಫೋನ್ ಕಾನೂನು ಅನ್ವಯಿಸುತ್ತದೆ. ಅದರಡಿ ಪಡೆದವರೇ ಕೋರ್ಟಿಗೆ ಹೋಗಬಹುದು, ಒಂದೊಂದು ಮೆಸೇಜಿಗೆ 500 ಡಾಲರ್ ಕೇಳಬಹುದು. ಬೇಕೆಂದೇ ಮಾಡಿದ್ದು ಎಂದು ತೋರಿಸಿದರೆ 1500ರವರೆಗೆ ಹೋಗುತ್ತದೆ. ಒಂದು ಲಕ್ಷ ಜನರಿಗೆ ಒಂದೇ ಮೆಸೇಜ್ ಕಳಿಸಿದ ಕಂಪನಿಯ ಗತಿ ಲೆಕ್ಕ ಹಾಕಿ. ಅದಕ್ಕೇ ಅಲ್ಲಿ ಕಂಪನಿಗಳು ಇಮೇಲನ್ನು ಧಾರಾಳವಾಗಿ ಸುರಿಯುತ್ತವೆ, ಎಸ್‌ಎಂಎಸ್ ಎಂದರೆ ಹೆದರುತ್ತವೆ. ಅಮೆರಿಕದ ಸರ್ಕಾರ ಬೇಡ ಎಂದ ಬಿಗಿಯನ್ನು ಅಲ್ಲಿನ ವಕೀಲರು ತಂದರು ಎನ್ನಬೇಕು. ಇದರಿಂದ ಹೊಟ್ಟೆ ಹೊರೆಯುವ ವಕೀಲರೂ ಹುಟ್ಟಿಕೊಂಡಿದ್ದಾರೆ ಎನ್ನುವುದು ಬೇರೆ ಮಾತು.

ಈಗ ಭಾರತಕ್ಕೆ ಬರೋಣ. ‘ಕರೆ ಬೇಡ’ ಪಟ್ಟಿ 2007ರಲ್ಲೇ ಶುರುವಾಯಿತು. 2011ರ ಸೆಪ್ಟೆಂಬರಿನಲ್ಲಿ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ ಒಂದು ಸಿಮ್‌ನಿಂದ ದಿನಕ್ಕೆ 100 ಎಸ್‌ಎಂಎಸ್ ಮಾತ್ರ ಎಂದು ಮಿತಿ ಹಾಕಿತು. ಕಾಲೇಜು ಹುಡುಗರು ಬಾಯಿ ಬಡಿದುಕೊಂಡಿದ್ದು ನೆನಪಿದೆಯಾ? ಆಮೇಲೆ ಅದು 200 ಆಯಿತು. ಸ್ಪ್ಯಾಮ್ ಹೊಡೆಯಲು ಹೋಗಿ ಮಾತಾಡುವವರನ್ನು ಹೊಡೆದ ನಿಯಮ ಅದು.

2018ರಲ್ಲಿ ಬಂದ ನಿಯಮ ಹಾಗಲ್ಲ, ಅದರಲ್ಲಿ ಬುದ್ಧಿವಂತಿಕೆ ಇದೆ. ವ್ಯಾಪಾರದ ಮೆಸೇಜ್ ಕಳಿಸುವ ಪ್ರತಿ ಸಂಸ್ಥೆಯೂ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಎಂಬ ಡಿಜಿಟಲ್ ದಾಖಲೆ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು. ಕಳಿಸುವವರ ಹೆಸರಾಗಿ ಕಾಣುವ ಹೆಡರ್ ಮೊದಲೇ ದಾಖಲಾಗಬೇಕು. ಮೆಸೇಜಿನ ಒಕ್ಕಣೆಯನ್ನೂ ಟೆಂಪ್ಲೇಟ್ ಮಾಡಿ ಮುಂಚೆಯೇ ಒಪ್ಪಿಸಿಕೊಳ್ಳಬೇಕು. 2025ರ ಫೆಬ್ರವರಿಯ ತಿದ್ದುಪಡಿ ಇನ್ನೊಂದು ಒಳ್ಳೆಯ ಕೆಲಸ ಮಾಡಿತು. ಹೆಡರ್ ಕೊನೆಗೆ ಒಂದು ಅಕ್ಷರ ಬರುತ್ತದೆ: ಜಾಹೀರಾತಿಗೆ ಪಿ, ಸೇವೆಗೆ ಎಸ್, ವ್ಯವಹಾರಕ್ಕೆ ಟಿ, ಸರ್ಕಾರದ್ದಕ್ಕೆ ಜಿ. ನನ್ನ ಭಾರತದ ಸಿಮ್ಮಿನ ಇನ್‌ಬಾಕ್ಸ್ ತೆರೆದರೆ ಮೆಸೇಜ್ ಓದುವ ಮೊದಲೇ ಅದರ ಜಾತಿ ಗೊತ್ತಾಗುತ್ತದೆ. ಬ್ಯಾಂಕಿನದು ಎಂದು ಬಂದು, ಹೆಡರ್ ಬದಲು ಹತ್ತಂಕಿಯ ನಂಬರ್ ಇದ್ದರೆ ಅದು ಕಳ್ಳರದ್ದು ಎಂದು ಊಹಿಸಬಹುದು. ನನ್ನ ಕೆನಡಾದ ಸಿಮ್ಮಿಗೆ ಈ ಸೌಭಾಗ್ಯ ಇಲ್ಲ. ಬ್ಯಾಂಕೋ ಕಳ್ಳರೋ, ಎಲ್ಲರದ್ದೂ ಬರೀ ಅಂಕಿ. ಸಿಂಗಾಪುರದವರು 2023ರ ಜನವರಿಯಿಂದ, ಹೆಸರಿನಲ್ಲಿ ಮೆಸೇಜ್ ಕಳಿಸುವವರೆಲ್ಲ ನೋಂದಾಯಿಸಲೇಬೇಕು ಎಂದು ಮಾಡಿದರು. ನೋಂದಾಯಿಸದವರ ಮೆಸೇಜ್ ಮೇಲೆ ಇದು ಮೋಸ ಇರಬಹುದು ಎಂಬ ಚೀಟಿ ಬೀಳುತ್ತದೆ. ಕೆನಡಾ ಇದನ್ನು ಕಲಿಯಬೇಕು.

ಹಾಗಾದರೆ ಭಾರತದ ಸಿಮ್ಮಿಗೆ ಯಾಕೆ ಇಷ್ಟು ಬರುತ್ತದೆ? ಮೊದಲನೆಯದು, ಸುಮ್ಮನಿದ್ದವರನ್ನು ‘ಬೇಕು’ ಎನ್ನುವವರ ಜೊತೆ ಸೇರಿಸುತ್ತಾರೆ. ಬೇಡದವರು 1909 ನಂಬರಿಗೆ ಹೇಳಬೇಕು ಅಥವಾ ಡಿಎನ್‌ಡಿ (‘ತೊಂದರೆ ಕೊಡಬೇಡಿ’) ಆಪ್ ಹಾಕಿಕೊಂಡು ಬ್ಯಾಂಕಿಂಗ್, ರಿಯಲ್ ಎಸ್ಟೇಟ್, ಶಿಕ್ಷಣ ಎಂದು ಒಂದೊಂದಾಗಿ ಆರಿಸಬೇಕು. ಎರಡನೆಯದು ಇನ್ನೂ ಕೆಟ್ಟದ್ದು. ನೀವು ಡಿಎನ್‌ಡಿ ಹಾಕಿದ್ದರೂ, ಒಂದು ಕಂಪನಿಗೆ ಪ್ರತ್ಯೇಕವಾಗಿ ಒಪ್ಪಿಗೆ ಕೊಟ್ಟಿದ್ದರೆ ಅವರು ಕಳಿಸಬಹುದು. ಆ ಒಪ್ಪಿಗೆ ಎಲ್ಲಿಂದ ಬರುತ್ತದೆ? ಸಾಲದ ಅರ್ಜಿಯ ಹದಿನೇಳನೇ ಷರತ್ತಿನಿಂದ. ಬಿಲ್ ಮಾಡುವಾಗ “ಮೊಬೈಲ್ ನಂಬರ್ ಹೇಳಿ ಸರ್” ಎಂದಾಗ ನಾವು ಹೇಳಿದ ಹತ್ತು ಅಂಕಿಯಿಂದ.

ಸಾಲ ಕೊಡುವ ಒಂದು ಸಂಸ್ಥೆಯ ಮೇಲೆ ನಾನು ದೂರು ಹಾಕಿದ್ದೆ. ನನಗೆ ಅವರ ಪರಿಚಯವೇ ಇಲ್ಲ. ದೂರು ಬೇಗನೆ ಮುಗಿಯಿತು, ಅದರಲ್ಲಿ ತಕರಾರಿಲ್ಲ. ‘ಗ್ರಾಹಕರ ಒಪ್ಪಿಗೆ ಇದೆ’ ಎಂಬ ಒಂದು ಸಾಲಿನ ಉತ್ತರ ಬಂತು. ಯಾವಾಗ ಕೊಟ್ಟೆ, ಎಲ್ಲಿ ಕೊಟ್ಟೆ, ಪ್ರತಿ ತೋರಿಸಿ ಎಂದು ಕೇಳಲು ಆ ಆಪ್‌ನಲ್ಲಿ ಜಾಗ ಸಿಗಲಿಲ್ಲ. ಆ ಸಂಘದ ಎಕ್ಸೆಲ್ ಶೀಟಿನಲ್ಲಾದರೂ ‘ಯಾರೋ ಕೊಟ್ಟರು’ ಎಂದು ಪ್ರಾಮಾಣಿಕವಾಗಿ ಬರೆದಿತ್ತು.

2025ರ ತಿದ್ದುಪಡಿ ದೂರಿನ ಕಡೆ ಗಮನ ಕೊಟ್ಟಿದೆ, ಇಲ್ಲ ಎನ್ನುವುದಿಲ್ಲ. ಮೂರು ದಿನದೊಳಗೆ ದೂರಬೇಕಿತ್ತು, ಈಗ ಏಳು ದಿನ. ನೋಂದಾಯಿಸದ ನಂಬರುಗಳ ಮೇಲೆ ಕ್ರಮಕ್ಕೆ 30 ದಿನ ಇತ್ತು, ಈಗ 5. ಏಳು ದಿನದಲ್ಲಿ 10 ದೂರು ಬಂದರೆ ಮಾತ್ರ ಎಂಬಲ್ಲಿ ಈಗ ಹತ್ತು ದಿನದಲ್ಲಿ 5 ಸಾಕು. ದೂರುವುದು ಸಲೀಸಾಯಿತು. ಆದರೆ ದೂರುವ ಕೆಲಸ ನಮ್ಮದೇ ಆಗಿ ಉಳಿಯಿತು.

ಇಮೇಲ್ ಅಂತೂ ಟ್ರಾಯ್ ವ್ಯಾಪ್ತಿಗೇ ಬರುವುದಿಲ್ಲ, ವಾಟ್ಸಾಪ್ ಕೂಡ ಅಷ್ಟೇ. ಎಸ್‌ಎಂಎಸ್ ಬಿಗಿಯಾದಂತೆ ಜಾಹೀರಾತು ವಾಟ್ಸಾಪಿಗೆ ಗುಳೆ ಹೋದದ್ದು ಯಾರಿಗೆ ಗೊತ್ತಿಲ್ಲ? ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂನಲ್ಲಿ, ಕಿರಿಕಿರಿ ಮಾಡುವ ಇಮೇಲ್ ಕಳಿಸಿದರೆ ಅಪರಾಧ ಎಂಬ ಮಾತಿತ್ತು. ಆದರೆ ಆ ಕಲಂ ಬಿದ್ದದ್ದು ಜಾಹೀರಾತು ಕಳಿಸಿದವರ ಮೇಲಲ್ಲ, ಫೇಸ್‌ಬುಕ್‌ನಲ್ಲಿ ಅನಿಸಿಕೆ ಬರೆದವರ ಮೇಲೆ. 2015ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕಿತ್ತುಹಾಕಿದ್ದು ಒಳ್ಳೆಯದೇ ಆಯಿತು. ಕಿರಿಕಿರಿಯನ್ನು ಅಳೆಯಲು ಪೊಲೀಸರ ಕೈಗೆ ಲಾಠಿ ಕೊಡುವುದು ದಾರಿಯಲ್ಲ.

‘ಕಳ್ಳರು ಕಾನೂನು ಓದುತ್ತಾರಾ?’ ಎಂದು ಸ್ನೇಹಿತರೊಬ್ಬರು ಯಾವಾಗಲೂ ಕೇಳುತ್ತಾರೆ. ಓದುವುದಿಲ್ಲ. ಪಾರ್ಸೆಲ್ ಹೆಸರಿನ ಮೋಸಕ್ಕೆ ಕ್ಯಾಸಲ್ ಮದ್ದಲ್ಲ, ಅದು ಬೇರೆ ಕಾನೂನಿನ ಕೆಲಸ. ಈ ಕಾನೂನುಗಳು ಇರುವುದು ವಿಳಾಸ ಇರುವವರಿಗೆ, ಬೋರ್ಡ್ ಹಾಕಿಕೊಂಡು ವ್ಯಾಪಾರ ಮಾಡುವವರಿಗೆ. ಅವರನ್ನು ಸರಿದಾರಿಗೆ ತಂದರೆ ಉಳಿದದ್ದೆಲ್ಲ ಕಳ್ಳರದ್ದು ಎಂದು ಗುರುತಿಸುವುದಾದರೂ ಸುಲಭವಾಗುತ್ತದೆ.

ತಮಾಷೆ ನೋಡಿ. ಇಮೇಲ್ ವಿಷಯದಲ್ಲಿ ನನಗೆ ಹೆಚ್ಚು ಬದಲಾವಣೆ ಕಂಡದ್ದು ಯಾವ ಸಂಸತ್ತಿನಿಂದಲೂ ಅಲ್ಲ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ದೊಡ್ಡ ಮಟ್ಟದಲ್ಲಿ ಮೇಲ್ ಕಳಿಸುವವರಿಗೆ ಷರತ್ತು ಹಾಕಿದವು. ಒಂದೇ ಕ್ಲಿಕ್ಕಿನಲ್ಲಿ ಅನ್‌ಸಬ್‌ಸ್ಕ್ರೈಬ್ ಆಗಬೇಕು, ಎರಡು ದಿನದಲ್ಲಿ ನಿಲ್ಲಬೇಕು, ಸ್ಪ್ಯಾಮ್ ಎಂದು ಒತ್ತುವವರ ಪ್ರಮಾಣ ಶೇ. 0.3ಕ್ಕಿಂತ ಕೆಳಗಿರಬೇಕು. ಇಲ್ಲದಿದ್ದರೆ ಮೇಲ್ ತಲುಪುವುದೇ ಅನುಮಾನ. ಕಾನೂನಿನ 10 ದಿನ ಎಲ್ಲಿ, ಇವರ 2 ದಿನ ಎಲ್ಲಿ! ನನಗೆ ಅನುಕೂಲವೇ ಆಯಿತು, ಆದರೂ ಪೂರ್ತಿ ಖುಷಿಯಿಲ್ಲ. ಇವತ್ತು ಇನ್‌ಬಾಕ್ಸ್ ಕಾಯುವ ಕಂಪನಿಯೇ ಅದೇ ಇನ್‌ಬಾಕ್ಸಿನಲ್ಲಿ ತನ್ನ ಜಾಹೀರಾತನ್ನೂ ತೋರಿಸುತ್ತದೆ. ಅದನ್ನು ಅನ್‌ಸಬ್‌ಸ್ಕ್ರೈಬ್ ಮಾಡುವ ಗುಂಡಿ ಇಲ್ಲ.

ಭಾರತದಲ್ಲಿ ಮುಂದಿನ ಒಂದೆರಡು ವರ್ಷ ನೋಡುವಂಥದ್ದು. 2023ರ ಡಿಜಿಟಲ್ ಡೇಟಾ ರಕ್ಷಣೆ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದವು. ಒಪ್ಪಿಗೆಗೆ ಸಂಬಂಧಿಸಿದ ಮುಖ್ಯ ಭಾಗಕ್ಕೆ ಅಲ್ಲಿಂದ 18 ತಿಂಗಳ ಗಡುವು. ಕೊಟ್ಟಷ್ಟೇ ಸುಲಭವಾಗಿ ಒಪ್ಪಿಗೆ ವಾಪಸ್ ಪಡೆಯುವಂತಿರಬೇಕು ಎಂದು ಕಾಯ್ದೆ ಹೇಳುತ್ತದೆ, ಇದು ಇಮೇಲಿಗೂ ತಾಗುತ್ತದೆ. ಇತ್ತ ಟ್ರಾಯ್ ಮತ್ತು ರಿಸರ್ವ್ ಬ್ಯಾಂಕ್ ಸೇರಿ 2025ರಲ್ಲಿ ಕೆಲವು ಬ್ಯಾಂಕುಗಳ ಜೊತೆ ಒಂದು ಪ್ರಯೋಗ ಶುರುಮಾಡಿದವು. ಗ್ರಾಹಕರು ಕೊಟ್ಟ ಒಪ್ಪಿಗೆಯನ್ನೆಲ್ಲ ಡಿಜಿಟಲ್ ಆಗಿ ಒಂದು ಕಡೆ ದಾಖಲಿಸಿ, ಅವರೇ ನೋಡಿ ರದ್ದು ಮಾಡುವ ಹಾಗೆ ಮಾಡುವುದು ಉದ್ದೇಶ. ಹೆಡರ್ ನೋಂದಣಿಯಲ್ಲಿ ತೋರಿಸಿದ ಶಿಸ್ತನ್ನೇ ಇಲ್ಲೂ ತೋರಿಸಿದರೆ ಭಾರತ ಕೆನಡಾವನ್ನು ಹಿಂದೆ ಹಾಕುತ್ತದೆ. ಒಂದೇ ಷರತ್ತು: ಹಳೆಯ ಫಾರಂಗಳಲ್ಲಿ ಸಹಿ ಹಾಕಿಸಿಕೊಂಡ ಒಪ್ಪಿಗೆಗಳೂ ಆ ಪಟ್ಟಿಯಲ್ಲಿ ತಾರೀಖಿನ ಸಮೇತ ಕಾಣಬೇಕು. ಕಾಣದಿದ್ದರೆ ಆ ಕಂಪನಿ ಎಲ್ಲರ ಹಾಗೆ ಮತ್ತೆ ಬಂದು ಕೇಳಲಿ.