ಪಾರ್ಕಿಗೆ ಕಮಾನು ಬಂತು, ಮಾಲಿಗೆ ಪೈಪ್ ಬರಲಿಲ್ಲ

ನಮ್ಮ ಮನೆ ಹತ್ತಿರದ ಪಾರ್ಕಿನ ಮಾಲಿ ಬೆಳಿಗ್ಗೆ ಆರು ಗಂಟೆಗೇ ಬಂದಿರುತ್ತಾರೆ. ಗಿಡಕ್ಕೆ ನೀರು ಬಿಡಲು ಅವರ ಹತ್ತಿರ ಇರುವುದು ಒಂದೇ ಪೈಪು. ಅದು ಮೂರು ಕಡೆ ಹರಿದಿದೆ. ಮೂರೂ ಕಡೆ ಹಳೇ ಸೈಕಲ್ ಟ್ಯೂಬ್ ಸುತ್ತಿ, ದಾರ ಬಿಗಿದಿದ್ದಾರೆ. ಹೋದ ವಾರ ನಾನು ವಾಕಿಂಗ್ ಹೋದಾಗ ಬೆಂಚಿನ ಮೇಲೆ ಕೂತು ನಾಲ್ಕನೇ ಕಡೆ ಟ್ಯೂಬ್ ಸುತ್ತುತ್ತಿದ್ದರು.

"ಹೊಸದು ಕೇಳಲಿಲ್ವಾ ಅಣ್ಣ?" ಅಂದೆ.

"ಕೇಳಿ ಎಂಟು ತಿಂಗಳಾಯ್ತು ಮೇಡಂ. ಸಂಬಳಾನೇ ಎರಡು ತಿಂಗಳು ಬಾಕಿ, ಪೈಪ್ ಎಲ್ಲಿಂದ ಕೊಡ್ತಾರೆ?"

ಅದೇ ಪಾರ್ಕಿನ ಗೇಟಿಗೆ ಹೋದ ವರ್ಷ ಗ್ರಾನೈಟ್ ಹಾಕಿ ಕಮಾನು ಕಟ್ಟಿದರು. ಕಮಾನು ಚೆನ್ನಾಗಿಯೇ ಇದೆ. ಅದರ ಕೆಳಗಿನ ಹುಲ್ಲು ಮಾತ್ರ ಒಣಗಿದೆ.

ಫುಟ್‌ಪಾತ್ ಕಥೆಯೂ ಇದೇ. ನಮ್ಮ ಬೀದಿಯಲ್ಲಿ ಒಂದು ಚಪ್ಪಡಿ ಅಲುಗಾಡುತ್ತಿತ್ತು. ಒಂದೇ ಒಂದು. ಅದರ ಮೇಲೆ ಕಾಲಿಟ್ಟು ಅಮ್ಮ ಬಿದ್ದರು, ಮಣಿಕಟ್ಟು ಮುರಿಯಿತು. ಸರಿ ಮಾಡಿಸಿ ಎಂದು ಬರೆದು ಕೊಟ್ಟೆವು. ಏನೂ ಆಗಲಿಲ್ಲ. ಐದು ತಿಂಗಳ ಮೇಲೆ ಒಂದು ದಿನ ಜೆಸಿಬಿ ಬಂದು ಬೀದಿಯ ಎಲ್ಲ ಚಪ್ಪಡಿಯನ್ನೂ ಕಿತ್ತುಹಾಕಿತು. ಗಟ್ಟಿಮುಟ್ಟಾದ ಹಳೇ ಕಲ್ಲು ಲಾರಿ ಹತ್ತಿ ಹೋಯಿತು, ಇಂಟರ್‌ಲಾಕ್ ಟೈಲ್ಸ್ ಬಂತು. ಒಂದು ಕಲ್ಲಿನ ಕೆಳಗೆ ಎರಡು ಬಾಂಡ್ಲಿ ಜಲ್ಲಿ ಹಾಕಿದ್ದರೆ ಮುಗಿಯುವ ಕೆಲಸ ಅದು.

ದುಡ್ಡು ಇಲ್ಲ ಅನ್ನುವುದನ್ನು ಅದಕ್ಕೇ ನಾನು ಒಪ್ಪುವುದಿಲ್ಲ. ಹೊಸ ಕಾಮಗಾರಿಗೆ ದುಡ್ಡು ಬರುತ್ತದೆ. ಅದಕ್ಕೆ ಎಸ್ಟಿಮೇಟ್ ಇದೆ, ಟೆಂಡರ್ ಇದೆ, ಗುದ್ದಲಿ ಪೂಜೆ ಇದೆ. ಕಳೆ ಕೀಳುವುದಕ್ಕೆ, ಬಲ್ಬ್ ಬದಲಿಸುವುದಕ್ಕೆ, ಶೌಚಾಲಯ ತೊಳೆಯುವುದಕ್ಕೆ ಯಾರೂ ಪೂಜೆ ಮಾಡುವುದಿಲ್ಲ. ಅದು ದಿನದ ಕೆಲಸ. ದಿನದ ಕೆಲಸಕ್ಕೆ ವರ್ಷವೂ ತಪ್ಪದೆ ಬರುವ ದುಡ್ಡು ಬೇಕು. ನಮ್ಮ ಬೆಂಗಳೂರಿನ ಪಾರ್ಕುಗಳಿಗೆ ಇಲ್ಲದಿರುವುದು ಅದೇ.

ಪ್ರತಿ ಏಪ್ರಿಲ್‌ನಲ್ಲಿ ಶೇ. 5 ರಿಯಾಯಿತಿ ಸಿಗುತ್ತದೆ ಎಂದು ನಾವೆಲ್ಲ ಆಸ್ತಿ ತೆರಿಗೆ ಬೇಗ ಕಟ್ಟುತ್ತೇವೆ, ಅಲ್ವಾ? ಆ ತೆರಿಗೆಯ ಮೇಲೆ ಸೆಸ್, ಅಂದರೆ ಇಂಥ ಕೆಲಸಕ್ಕೇ ಎಂದು ಸೇರಿಸುವ ಹೆಚ್ಚುವರಿ ತೆರಿಗೆ ಇರುತ್ತದೆ. ಆಸ್ತಿ ತೆರಿಗೆಯ ಶೇ. 6ರಷ್ಟು ಗ್ರಂಥಾಲಯಕ್ಕೆ, ಶೇ. 3ರಷ್ಟು ಭಿಕ್ಷುಕರ ಪುನರ್ವಸತಿಗೆ. ಗ್ರಂಥಾಲಯ ಸೆಸ್ ಹಳೆಯದು, 1965ರ ಕಾಯ್ದೆಯಿಂದ ಬಂದದ್ದು. ಓದುವ ಮನೆಗೆ ಇಂತಿಷ್ಟು ಎಂದು ಆಗಲೇ ಎತ್ತಿಟ್ಟರು. ನಡೆಯುವ ದಾರಿಗೆ, ಕೂರುವ ನೆರಳಿಗೆ ಯಾಕೆ ಎತ್ತಿಡಬಾರದು?

ಹೊಸ ಹೊರೆ ಹಾಕಿ ಎಂದು ನಾನು ಹೇಳುತ್ತಿಲ್ಲ. ಈಗ ಕಟ್ಟುತ್ತಿರುವ ತೆರಿಗೆಯಲ್ಲೇ ಒಂದು ಪಾಲನ್ನು ಪಾರ್ಕು ಮತ್ತು ಫುಟ್‌ಪಾತ್ ನಿರ್ವಹಣೆಗೆ ಅಂತ ಬೇರೆ ಖಾತೆಯಲ್ಲಿ ಇಡಿ. ಆ ದುಡ್ಡಲ್ಲಿ ಕಮಾನು ಕಟ್ಟುವಂತಿಲ್ಲ. ಮಾಲಿಯ ಸಂಬಳ, ನೀರು, ಪೈಪು, ದೀಪ, ಚಪ್ಪಡಿ, ಅಷ್ಟೇ. ಬೇರೆ ಖಾತೆ ಯಾಕೆ ಅಂದರೆ, ಸಂಗ್ರಹವಾದ ಗ್ರಂಥಾಲಯ ಸೆಸ್ ಕೂಡ ಪೂರ್ತಿಯಾಗಿ ಗ್ರಂಥಾಲಯಕ್ಕೆ ತಲುಪದೆ ಬಾಕಿ ಉಳಿದದ್ದನ್ನು ನಾವು ಪೇಪರಿನಲ್ಲಿ ಓದುತ್ತಲೇ ಬಂದಿದ್ದೇವೆ. ಪ್ರತಿ ತಿಂಗಳು ಎಷ್ಟು ಬಂತು, ಎಷ್ಟು ಹೋಯಿತು ಅನ್ನುವುದನ್ನು ಪಾರ್ಕಿನ ಗೇಟಿನ ಬೋರ್ಡ್ ಮೇಲೆ ಬರೆಯಲಿ. ವಾಕಿಂಗ್ ಬರುವ ಅಜ್ಜಂದಿರು ಅದನ್ನು ಆಡಿಟರ್‌ಗಿಂತ ಚೆನ್ನಾಗಿ ನೋಡುತ್ತಾರೆ.

ಅಮೆರಿಕದ ಮಿನಿಯಾಪೊಲಿಸ್ ಊರಲ್ಲಿ 1883ರಿಂದ ಪಾರ್ಕುಗಳಿಗೇ ಒಂದು ಮಂಡಳಿ ಇದೆ. ಅದರ ಸದಸ್ಯರನ್ನು ಜನ ಓಟು ಹಾಕಿ ಆರಿಸುತ್ತಾರೆ, ಆಸ್ತಿ ತೆರಿಗೆಯಲ್ಲಿ ಅದಕ್ಕೆ ತನ್ನದೇ ಪಾಲಿದೆ. ನಮ್ಮಲ್ಲಿ ಅಷ್ಟು ದೂರ ಹೋಗುವುದು ಸದ್ಯಕ್ಕೆ ಬೇಡ. ಆದರೆ 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿಗೆ ಐದು ಹೊಸ ಪಾಲಿಕೆಗಳು ಬಂದಿವೆ. ಹೊಸ ಲೆಕ್ಕದ ಪುಸ್ತಕದಲ್ಲಿ ಒಂದು ಹೊಸ ಪುಟ ತೆರೆಯಲು ಇದಕ್ಕಿಂತ ಒಳ್ಳೆ ಸಮಯ ಸಿಗುವುದಿಲ್ಲ.

ಟಿಕೆಟ್ ಇಡಿ ಅನ್ನುವವರಿದ್ದಾರೆ. ಲಾಲ್‌ಬಾಗಿಗೆ ಟಿಕೆಟ್ ಇದೆ, ನನ್ನ ತಕರಾರಿಲ್ಲ. 240 ಎಕರೆ ತೋಟ, ಊರೂರಿಂದ ಜನ ನೋಡಲು ಬರುತ್ತಾರೆ. ಬೀದಿ ಕೊನೆಯ ಪಾರ್ಕು ಹಾಗಲ್ಲ. ಅಲ್ಲಿ ಮಧ್ಯಾಹ್ನ ಯಾರಿರುತ್ತಾರೆ ನೋಡಿ. ಬುತ್ತಿ ಬಿಚ್ಚಿದ ಮನೆಕೆಲಸದ ಹೆಂಗಸರು, ಆರ್ಡರ್‌ಗೆ ಕಾಯುತ್ತಾ ಕೂತ ಡೆಲಿವರಿ ಹುಡುಗರು. ಹತ್ತು ರೂಪಾಯಿ ಟಿಕೆಟ್ ಇಟ್ಟರೂ ಮೊದಲು ಎದ್ದು ಹೋಗುವವರು ಅವರೇ. ಕಬ್ಬನ್ ಪಾರ್ಕಿನಲ್ಲಿ ಭಾನುವಾರ ಇಡೀ ಊರೇ ಚಾದರ ಹಾಸಿ ಕೂರುತ್ತದೆ. ಗೇಟಿನಲ್ಲಿ ಯಾರೂ ದುಡ್ಡು ಕೇಳುವುದಿಲ್ಲ ಅನ್ನುವುದೂ ಅದಕ್ಕೆ ಒಂದು ಕಾರಣ.

ಕಂಪನಿಗಳು ದತ್ತು ತಗೊಳ್ಳಲಿ ಅನ್ನುವುದು ಇನ್ನೊಂದು ಮಾತು. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಬರಲಿ, ಸಂತೋಷ. ಆದರೆ ಕಂಪನಿ ಆರಿಸಿಕೊಳ್ಳುವುದು ತನ್ನ ಆಫೀಸಿನ ಎದುರಿನ ಪಾರ್ಕನ್ನು. ಆಫೀಸೇ ಇಲ್ಲದ ವಾರ್ಡಿನ ಮಕ್ಕಳು ಎಲ್ಲಿ ಆಡಬೇಕು?

ಪಾರ್ಕಿನ ಜಾಗದಲ್ಲೇ ಸಂಪಾದನೆ ಮಾಡಿ ಅನ್ನುವುದಂತೂ ಬೇಡವೇ ಬೇಡ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅದು ಪಾರ್ಕಾಗಿಯೇ ಇರಬೇಕು ಎಂದಿತು. ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಜಾಗ ಅದು.

ಸಂಪಾದನೆ ಬೇಕಿದ್ದರೆ ಪಾರ್ಕಿನ ಆಚೆ ನೋಡಿ. "ಪಾರ್ಕ್ ಫೇಸಿಂಗ್" ಅಂದರೆ ಸಾಕು, ಸೈಟಿನ ರೇಟು ಏರುತ್ತದೆ. ಬಿಲ್ಡರ್‌ಗಳು ಬ್ರೋಷರಿನಲ್ಲಿ ಪಾರ್ಕಿನ ಫೋಟೋ ಹಾಕಿ ಫ್ಲ್ಯಾಟ್ ಮಾರುತ್ತಾರೆ. ಆ ಹೆಚ್ಚಿನ ಬೆಲೆಯನ್ನು ಹುಟ್ಟಿಸಿದ್ದು ಮಾಲಿಯ ಕೈ. ಅದರಲ್ಲಿ ಸ್ವಲ್ಪ ಆ ಗಿಡಗಳ ಬುಡಕ್ಕೆ ವಾಪಸ್ ಬರುವುದು ನ್ಯಾಯ.

ಫುಟ್‌ಪಾತಿಗೆ ಒಂದು ಮಾತು. ವಿಠಲ್ ಮಲ್ಯ ರಸ್ತೆಯಲ್ಲಿ ಟೆಂಡರ್ ಶ್ಯೂರ್ ಅನ್ನುವ ರಸ್ತೆ-ಫುಟ್‌ಪಾತ್ ಯೋಜನೆಯ ಕೆಲಸ ಆದಾಗ ಖರ್ಚು ಜಾಸ್ತಿ ಆಯಿತು ಎಂದು ತುಂಬ ಜನ ಬೈದರು. ಆದರೆ ಅಲ್ಲಿ ಕೇಬಲ್ಲು, ಪೈಪುಗಳಿಗೆ ನೆಲದ ಕೆಳಗೆ ಮೊದಲೇ ದಾರಿ ಮಾಡಿದರು. ಪದೇ ಪದೇ ಅಗೆಯುವ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಬೇಕಲ್ವಾ? 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಫುಟ್‌ಪಾತ್ ಮೇಲೆ ನಡೆಯುವುದು ಬದುಕುವ ಹಕ್ಕಿನ ಭಾಗ ಎಂದೇ ಹೇಳಿದೆ.

ಅಮ್ಮನ ಕೈಯ ಪ್ಲಾಸ್ಟರ್ ತೆಗೆದು ತಿಂಗಳುಗಳೇ ಆದವು. ಇನ್ನೂ ಅವರು ಫುಟ್‌ಪಾತ್ ಹತ್ತುವುದಿಲ್ಲ, ರಸ್ತೆಯ ಅಂಚಿನಲ್ಲೇ ನಡೆದು ಪಾರ್ಕಿಗೆ ಬರುತ್ತಾರೆ. ಹಿಂದಿನಿಂದ ಬೈಕು ಬಂದರೆ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ.

ನಿಮ್ಮ ಪಾರ್ಕಿನ ಮಾಲಿಯನ್ನು ನಾಳೆ ಒಮ್ಮೆ ಮಾತಾಡಿಸಿ. ಸಂಬಳ ಯಾವಾಗ ಬಂತು, ಏನೇನು ಸಾಮಾನು ಬೇಕು ಅಂತ ಕೇಳಿ ನನಗೆ ಬರೆಯಿರಿ. ಎಲ್ಲ ಸೇರಿಸಿ ಒಂದು ಅರ್ಜಿ ಮಾಡೋಣ, ಮುಂದಿನ ಏಪ್ರಿಲ್ ಒಳಗೆ ಕೊಡೋಣ.